ಕರ್ಪೂರದ ಆಣೆ

ನಮ್ಮ ಮನೆಯಲ್ಲಿ ಕರ್ಪೂರ ಹಚ್ಚುವುದಿಲ್ಲ. ಮಂಗಳಾರತಿಗೆ ತುಪ್ಪದ ಬತ್ತಿ ಸಾಕು. ಯಾಕೆ ಎಂದು ಯಾರಾದರೂ ಕೇಳಿದರೆ, ಹೊಗೆಗೆ ಅಪ್ಪನಿಗೆ ಕೆಮ್ಮು ಬರುತ್ತದೆ ಎಂದುಬಿಡುತ್ತೇನೆ. ಮೊನ್ನೆ ಮಹಡಿ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಹಾಲುಕ್ಕಿಸಿ ಪೂಜೆ ಮಾಡಿದರು. ಕರ್ಪೂರದ ವಾಸನೆ ಮೆಟ್ಟಿಲಿಳಿದು ನಮ್ಮ ನಡುಮನೆಗೂ ಬಂತು. ದಿವಾನದ ಮೇಲೆ ಕೂತಿದ್ದ ಅಪ್ಪ ಎದ್ದು ಹೋಗಿ ತಾವೇ ಕಿಟಕಿ ಮುಚ್ಚಿದರು. ಹಳೆಯ ಊರಿನ ಎದುರು ಮನೆ ಅಕ್ಕ ನಮ್ಮಿಬ್ಬರಿಗೂ ನೆನಪಾಗಿದ್ದಳು...

ಆಗ ನಾವು ಗುಬ್ಬಿಯಲ್ಲಿದ್ದೆವು. ಮನೆಯ ಮುಂಭಾಗದಲ್ಲೇ ಅಪ್ಪನ ದಿನಸಿ ಅಂಗಡಿ. ನಾನು ತುಮಕೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎದುರು ಮನೆಯ ಅಕ್ಕ ರವಿಕೆ ಹೊಲಿಯುತ್ತಿದ್ದಳು. ಕುಣಿಗಲ್ ತಾಲ್ಲೂಕಿನವಳು, ಹುತ್ರಿದುರ್ಗದ ಬೆಟ್ಟದಡಿಯ ಹಳ್ಳಿ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ನಗುತ್ತಿದ್ದಳು. ಒಂದು ದಿನ ನುಂಗಿಬಿಡ್ತೀಯ ಎಂದು ನಾನು ಹೆದರಿಸಿದರೆ, "ನುಂಗಾಕೆ ಬೇಕಾದಷ್ಟು ಐತೆ ಕಣೇ, ಸೂಜಿ ಯಾಕೆ" ಎನ್ನುತ್ತಿದ್ದಳು. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಗಿಡ್ಡ ತೋಳಿನ ರವಿಕೆ ಹೊಲಿದುಕೊಡುವವಳು ತಾನು ಮಾತ್ರ ಬೇಸಿಗೆಯಲ್ಲೂ ಮೊಣಕೈ ದಾಟುವ ತೋಳು ತೊಡುತ್ತಿದ್ದಳು. ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಗಂಡ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕುಡಿಯುವವನಲ್ಲ, ಬೀಡಿ ಮುಟ್ಟುವವನಲ್ಲ, ಹಣೆಗೆ ವಿಭೂತಿಯಿಲ್ಲದೆ ಬೈಕು ಹತ್ತುವವನೂ ಅಲ್ಲ. ಅಂಥವನು ಹೊಡೆಯುತ್ತಾನೆಂದರೆ ಹೆಂಗಸಿನದೇ ಏನೋ ಇರಬೇಕು ಎಂಬುದು ಹಿರಿಯರ ನಂಬಿಕೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಬೇರೆ. ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದುದೇ ಉಂಡ ಮೇಲೆ.

ಒಂದು ದಿನ ಅಕ್ಕ ಯಾರನ್ನೂ ಕೇಳದೆ, ಪುಟ್ಟ ಮಗಳ ಕೈ ಹಿಡಿದುಕೊಂಡು ಶಿಶು ಅಭಿವೃದ್ಧಿ ಆಫೀಸಿಗೆ ಹೋದಳು. ಮನೆಯೊಳಗೆ ಹೊಡೆಸಿಕೊಂಡ ಹೆಂಗಸರ ದೂರುಗಳನ್ನು ಅಲ್ಲಿನ ಮೇಡಂ ನೋಡುತ್ತಿದ್ದರು. ಅವರೇ ಎಲ್ಲ ಬರೆಸಿಕೊಂಡು ಕೋರ್ಟಿಗೆ ಕಳಿಸಿದರು. ಕೇಸು ಮುಗಿಯುವ ತನಕ ಅವನು ಹೆಂಡತಿಯ ಮೇಲಾಗಲಿ ಮಗಳ ಮೇಲಾಗಲಿ ಕೈ ಮಾಡಕೂಡದು, ಆ ಮನೆಗೆ ಕಾಲಿಡಕೂಡದು, ಮೀರಿದರೆ ಜೈಲು ಎಂದು ಆದೇಶ ಬಂತು. ಅವನು ಚೇಳೂರಿನಲ್ಲಿದ್ದ ಅಣ್ಣನ ಮನೆ ಸೇರಿಕೊಂಡ.

ಮಗು ಬೀದಿಗೆ ಬಂದು ಕುಂಟೆಬಿಲ್ಲೆ ಆಡತೊಡಗಿತು. ಅಕ್ಕ ತನಗೂ ಒಂದು ಗಿಡ್ಡ ತೋಳಿನ ರವಿಕೆ ಹೊಲಿದುಕೊಂಡಳು, ಹಳದಿಯದು. ಅದನ್ನು ತೊಟ್ಟು ನಮ್ಮ ಅಂಗಡಿಗೆ ಬಂದ ದಿನ ಅವಳಿಗೇ ನಾಚಿಕೆಯಾಗಿ ಸೆರಗು ಹೊದ್ದುಕೊಂಡಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ...

ಬಿಡಲಿಲ್ಲ. ಗೌರಿಹಬ್ಬ ಹತ್ತಿರವಾದಾಗ ಅವನ ಅಣ್ಣ ಬಂದು ಅಪ್ಪನ ಅಂಗಡಿಯಲ್ಲಿ ಕೂತ. ಬೀದಿಯ ನ್ಯಾಯ ಹೇಳುವವರಲ್ಲಿ ಅಪ್ಪನೂ ಒಬ್ಬರು, ಅವರ ಮಾತಿಗೆ ತೂಕವಿತ್ತು. ಕೆಟ್ಟವರಲ್ಲ. ಮನೆ ಒಡೆಯಬಾರದು ಎಂಬುದೊಂದೇ ಅವರ ತಲೆಯಲ್ಲಿದ್ದದ್ದು. ಅಕ್ಕನನ್ನು ಕರೆಸಿದರು.

"ಕೋರ್ಟ್ ಕಾಗ್ದ ಇವತ್ತಲ್ಲ ನಾಳೆ ಹರಿದೋಗ್ತೈತೆ ಕಣಮ್ಮ. ಕರ್ಪೂರದ ಆಣೆ ಹರಿಯಾಕಿಲ್ಲ" ಎಂದರು.

ಅಕ್ಕ ಸೆರಗು ಹಿಂಡುತ್ತ, "ಆ ಕಾಗ್ದದಲ್ಲಿ ನನ್ ಮಗೀನ ಹೆಸ್ರೂ ಐತೆ ಯಜಮಾನ್ರೆ" ಎಂದಳು.

"ಹೆಂಡ್ತಿ ಅಂದ್ಮೇಲೆ ಮಗೀನೂ ಸೇರಿದಂಗೇ ಅಲ್ವಾ, ಬುಡು" ಎಂದರು ಅಪ್ಪ.

ಕರ್ಪೂರ ನಮ್ಮ ಅಂಗಡಿಯದೇ. ಈಶ್ವರನ ಗುಡಿಯ ಮುಂದೆ ತಟ್ಟೆಯಲ್ಲಿ ಹಚ್ಚಿದರು. ಅವನು ಉರಿಯ ಮೇಲೆ ಅಂಗೈಯಿಟ್ಟು ಆರಿಸಿ, ಇನ್ನು ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ ಎಂದ. ಅಲ್ಲಿದ್ದ ಹೆಂಗಸರು ಕಣ್ಣೊರೆಸಿಕೊಂಡರು, ನಮ್ಮಮ್ಮನೂ. ಮುಂದಿನ ವಾಯಿದೆಗೆ ಅಕ್ಕ ಕೋರ್ಟಿಗೆ ಹೋಗಿ, ರಾಜಿಯಾಗಿದ್ದೇವೆಂದು ಹೇಳಿ ಕೇಸು ವಾಪಸ್ ತೆಗೆದುಕೊಂಡಳು. ಆಫೀಸಿನ ಮೇಡಂ ಬೇಡ ಎಂದು ಬಹಳ ಹೇಳಿದರಂತೆ. ಆದರೆ ಮೇಡಂ ನಮ್ಮ ಬೀದಿಯಲ್ಲಿ ಬಾಳಬೇಕಾದವರಲ್ಲವಲ್ಲ.

ಮನೆಗೆ ಮರಳಿದವನು ಆಣೆಯನ್ನು ಮುರಿಯಲಿಲ್ಲ. ಅಕ್ಕನ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಅಪ್ಪ ಇದನ್ನೇ ಹೇಳಿ ಹಿಗ್ಗುತ್ತಿದ್ದರು. ಮಗು ಮಾತ್ರ ಆಟಕ್ಕೆ ಬರುವುದು ನಿಂತುಹೋಗಿತ್ತು... ಒಂದು ಸಂಜೆ ಸಕ್ಕರೆಗೆಂದು ಅಂಗಡಿಗೆ ಬಂತು. ಎಷ್ಟು ಬೇಕು ಮಗ ಎಂದು ಅಪ್ಪ ಕೇಳಿದರು, ಮತ್ತೊಮ್ಮೆ ಕೇಳಿದರು. ಅದು ಸುಮ್ಮನೆ ಅವರ ಬಾಯಿ ನೋಡುತ್ತ ನಿಂತಿತ್ತು. ನಾನು ಹತ್ತಿರ ಹೋಗಿ ನೋಡಿದೆ. ಎಡಗೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು, ಕಿವಿಯಿಂದ ಸೋರಿದ್ದು ಕುತ್ತಿಗೆಯ ಮೇಲೆ ಒಣಗಿತ್ತು.

ಅಪ್ಪ ತಕ್ಕಡಿಯನ್ನು ಹಾಗೇ ಬಿಟ್ಟು ಎದುರು ಮನೆಗೆ ನುಗ್ಗಿದರು. ಅವನು ಬಾಗಿಲಲ್ಲೇ ನಿಂತಿದ್ದ. "ನಾನು ಆಣೆ ತಪ್ಪಿಲ್ಲ ಯಜಮಾನ್ರೆ. ಇವಳ ಮೈ ಮುಟ್ಟಿದೀನಾ, ನೀವೇ ಕೇಳಿ" ಎಂದ.

ಅಕ್ಕ ಗೋಡೆಗೊರಗಿ ಕೂತಿದ್ದಳು. "ಮಗೀನ ಬಿಟ್ಟು ನನಗೇ ಹೊಡಿ ಅಂದೆ ಯಜಮಾನ್ರೆ. ಆಣೆ ಐತೆ ಅಂದ" ಎಂದಳು.

ಅಪ್ಪ ಅವಳನ್ನು ಎಬ್ಬಿಸಿ ನಮ್ಮ ಮನೆಗೆ ಕರೆದುಕೊಂಡು ಬಂದರು. ಮಾರನೆಯ ಬೆಳಿಗ್ಗೆ ಅವರೇ ತಾಯಿ ಮಗಳನ್ನು ಮೊದಲು ಆಸ್ಪತ್ರೆಗೆ, ಆಮೇಲೆ ಬಸ್ಸು ಹತ್ತಿಸಿ ಅವಳ ತವರಿಗೆ ಕರೆದುಕೊಂಡು ಹೋದರು. ತವರಿನಲ್ಲಿದ್ದುಕೊಂಡೇ ಕೇಸು ಹಾಕಬಹುದಂತೆ. ಅಕ್ಕ ಕುಣಿಗಲ್ ಕೋರ್ಟಿನಲ್ಲಿ ಮತ್ತೆ ಹಾಕಿದಳು, ಅಪ್ಪ ಹೋಗಿ ಸಾಕ್ಷಿ ಹೇಳಿದರು. ಆದೇಶ ಮತ್ತೆ ಬಂತು, ಮಗುವಿನ ಹೆಸರೂ ಸೇರಿ. ಆ ಕಿವಿ ಮಾತ್ರ ಇನ್ನು ಕೇಳಿಸುವುದಿಲ್ಲ ಎಂದರು ಡಾಕ್ಟರು. ಅಲ್ಲಿಂದೀಚೆಗೆ ಅಪ್ಪ ಯಾವ ನ್ಯಾಯಕ್ಕೂ ಕೂರಲಿಲ್ಲ. ಕರೆಯಲು ಬಂದವರಿಗೆ, ಕೋರ್ಟಿಗೆ ಹೋಗ್ರಪ್ಪ ಎನ್ನುತ್ತಿದ್ದರು. ಅಂಗಡಿಯಲ್ಲಿ ಕರ್ಪೂರ ಇಡುವುದನ್ನೂ ಬಿಟ್ಟರು.

ಮೊನ್ನೆ ಆ ವಾಸನೆ ಹೋದ ಮೇಲೂ ಮನಸ್ಸು ತಡೆಯಲಿಲ್ಲ. ಹಳೆಯ ನಂಬರು ಹುಡುಕಿ ಫೋನ್ ಮಾಡಿದೆ. ಎತ್ತಿದ್ದು ಮಗಳು. "ತಡೀರಿ, ಈ ಕಡೆ ಕಿವಿಗೆ ಇಟ್ಕೋತೀನಿ... ಹಾಂ, ಈಗ ಹೇಳಿ, ಯಾರು?" ಎಂದಳು. ಹೇಳಿದೆ. "ಅಮ್ಮ ಹೋಗಿ ವರ್ಷದ ಮೇಲಾಯ್ತು ಅಕ್ಕ, ನಿಮಗೆ ಯಾರೂ ಹೇಳ್ಲಿಲ್ವಾ? ಮಿಷನ್ ಈಗ ನಾನೇ ತುಳೀತಿದೀನಿ" ಎಂದಳು. ಆಮೇಲೆ, "ಯಜಮಾನ್ರು ಚೆನ್ನಾಗವ್ರಾ?" ಎಂದು ಕೇಳಿದಳು. ನನಗೆ ಅಳು ಬಂತು.

ಅಪ್ಪ ದಿವಾನದಿಂದಲೇ ಎಲ್ಲ ನೋಡುತ್ತಿದ್ದರು. ಯಾರದು ಫೋನು ಎಂದು ಕೇಳಲಿಲ್ಲ, ತಿಳಿದಿತ್ತು. "ಮಗೀಗೆ ಕೇಳಿಸ್ತೈತಂತಾ?" ಎಂದರು.

"ಒಂದು ಕೇಳಿಸ್ತೈತಂತೆ ಅಪ್ಪ" ಎಂದೆ.

ಅಕ್ಕ ಹೋದದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.