ಹೊಸತೊಡಕಿನ ದಿನ ಏಳದ ತಮ್ಮ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಸ್ನಾಯುಕೋಶದ ಪೊರೆಯ ಪಾಠ ನನಗೆ ಬಾಯಿಪಾಠ. ಪೊರೆಯ ತುಂಬ ಪ್ರೋಟೀನಿನ ಪುಟ್ಟ ಬಾಗಿಲುಗಳು, ಸೋಡಿಯಂ ಒಳಗೆ, ಪೊಟ್ಯಾಸಿಯಂ ಹೊರಗೆ, ಅದರಿಂದಲೇ ವಿದ್ಯುತ್ತು, ಅದರಿಂದಲೇ ಕೈಕಾಲು ಆಡುವುದು. ಪುಸ್ತಕ ಮುಚ್ಚಿ ಮನೆಗೆ ಬಂದರೆ ಆ ಬುದ್ಧಿಯೆಲ್ಲ ಸ್ಟಾಫ್ ರೂಮಿನಲ್ಲೇ ಉಳಿಯುತ್ತಿತ್ತು.

ಸಾರಕ್ಕಿಯ ಬಾಡಿಗೆ ಮನೆಯಲ್ಲಿ ಅಮ್ಮ, ನಾನು, ಇಪ್ಪತ್ತರ ತಮ್ಮ. ಹಬ್ಬದ ಮಾರನೇ ದಿನ ಅವನು ಹಾಸಿಗೆ ಬಿಡುತ್ತಿರಲಿಲ್ಲ, ಮಧ್ಯಾಹ್ನಕ್ಕೆ ತಾನೇ ಸರಿಹೋಗುತ್ತಿದ್ದ. ಗಣೇಶನ ಹಬ್ಬಕ್ಕೂ ಹಾಗೇ, ದೀಪಾವಳಿಗೂ ಹಾಗೇ. ಹೀಗೇ ಅವನ ಪ್ರೆಸ್ಸಿನ ಕೆಲಸವೂ ಹೋಯಿತು. ಶುದ್ಧ ಮೈಗಳ್ಳ ಎಂದು ಬೀದಿಗೆಲ್ಲ ಸಾರಿದವಳು ನಾನೇ.

ಆ ಯುಗಾದಿಗೆ ಏಳು ಒಬ್ಬಟ್ಟು ತಿಂದು ಮಲಗಿದ. ಮಾರನೇ ದಿನ ಹೊಸತೊಡಕು. ಅವತ್ತು ಏನು ಮಾಡುತ್ತೇವೋ ವರ್ಷವಿಡೀ ಅದೇ ಎಂದು ನಂಬುವ ಮನೆ ನಮ್ಮದು. ಅಂಥ ದಿನವೂ ಬಿದ್ದುಕೊಂಡಿದ್ದಾನಲ್ಲ ಎಂದು ನನಗೆ ಪಿತ್ತ ನೆತ್ತಿಗೇರಿತು.

"ಅಕ್ಕ, ಕಾಲು ಎತ್ತಕ್ಕಾಗ್ತಿಲ್ಲ" ಎಂದ.

"ನಾಟಕ ಸಾಕು, ಏಳು" ಎಂದು ಹೊದಿಕೆ ಕಿತ್ತೆಸೆದೆ.

ನಿಶ್ಶಕ್ತಿಯಿರಬೇಕೆಂದು ಅಮ್ಮ ಬೆಲ್ಲದ ಪಾನಕ ಮಾಡಿದಳು. ದೊಡ್ಡ ಲೋಟದ ತುಂಬ ನಾನೇ ಕುಡಿಸಿದೆ. ಗಂಟೆಯೊಳಗೆ ಕೈಗಳೂ ಬಿದ್ದುಹೋದವು. ಪಕ್ಕದ ಮನೆಯವರ ಕೈಯಲ್ಲಿ ಅವನನ್ನು ಎತ್ತಿಸಿ, ಆಟೊದಲ್ಲಿ ಜೆ.ಪಿ. ನಗರದ ನರ್ಸಿಂಗ್ ಹೋಮಿಗೆ ಒಯ್ದೆವು.

ಡಾಕ್ಟರು ಮೊದಲು ಕೇಳಿದ್ದು, ನಿನ್ನೆ ಏನು ತಿಂದ ಎಂದು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆಯಿತ್ತು. ಹೊಟ್ಟೆತುಂಬ ಸಿಹಿ ತಿಂದರೆ ಪೊಟ್ಯಾಸಿಯಂ ರಕ್ತದಿಂದ ಕೋಶಗಳೊಳಗೆ ಸರಿದುಬಿಡುತ್ತದಂತೆ. ಇವನ ಪೊರೆಯ ಒಂದು ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುವುದರಿಂದ ಆಗ ವಿದ್ಯುತ್ತು ಏರುಪೇರಾಗುತ್ತದೆ, ಏಳು ಎಂದು ನರ ಎಷ್ಟು ಹೇಳಿದರೂ ಸ್ನಾಯುವಿಗೆ ಕೇಳಿಸುವುದಿಲ್ಲ ಎಂದರು. ಪಾನಕ ಕುಡಿಸಿದ್ದು ಇನ್ನೂ ತಪ್ಪಾಯಿತು ಎಂದರು. ಪ್ರತಿ ವರ್ಷ ಬೋರ್ಡಿನ ಮೇಲೆ ಅದೇ ಬಾಗಿಲು ಬರೆಯುವ ನನಗೆ ನಾಚಿಕೆಯಿಂದ ಕುಗ್ಗಿಹೋಗುವಂತಾಯಿತು.

ಪೊಟ್ಯಾಸಿಯಂ ಕರಗಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಮಧ್ಯಾಹ್ನ ಹೆಬ್ಬೆರಳು ಅಲುಗಿತು. ಕತ್ತು ಇನ್ನೂ ತಿರುಗುತ್ತಿರಲಿಲ್ಲ. ಮಂಚದ ತಲೆಭಾಗದಲ್ಲಿ ನಿಂತಿದ್ದ ನಾನು ಅವನಿಗೆ ಕಾಣುತ್ತಿರಲಿಲ್ಲ.

"ಡಾಕ್ಟ್ರೇ, ನಾನು ಸೋಮಾರಿ ಅಲ್ಲ ಅಂತ ಒಂದು ಚೀಟೀಲಿ ಬರ್ಕೊಡಿ" ಎಂದ. "ನಮ್ಮಕ್ಕಂಗೆ ತೋರಿಸ್ಬೇಕು."

ಡಾಕ್ಟರು ತಲೆಯೆತ್ತಿ ನನ್ನ ಮುಖ ನೋಡಿದರು. ಅವರ ಪೆನ್ನು ಇಸಿದುಕೊಂಡು ಆ ಚೀಟಿಯನ್ನು ನಾನೇ ಬರೆದೆ.