ಮೈಗೆ ಆಗದ ಉಣ್ಣೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಮೇಜಿನ ಹಿಂದೆ ಕೂರುತ್ತಿದ್ದ ಆ ಹೆಂಗಸನ್ನು ಎಲ್ಲರೂ ಕಡ್ಡಿ ಅಕ್ಕ ಎನ್ನುತ್ತಿದ್ದರು. ಆಳೂ ಕಡ್ಡಿಯಂತೆ ಸಣ್ಣ, ಕೈಯಲ್ಲೂ ಸದಾ ಎರಡು ಹೆಣಿಗೆ ಕಡ್ಡಿ. ಕೆನ್ನೆ ಊದಿಸಿಕೊಂಡು ಬಂದವರಿಗೆ ಚೀಟಿ ಕೊಟ್ಟು, "ಕೂತ್ಕೊಳ್ಳಿ, ಕರೀತಾರೆ" ಎಂದು ಹೇಳಿ ಮತ್ತೆ ಮಡಿಲ ಕಡೆ ತಲೆ ಬಗ್ಗಿಸಿದರೆ ಮುಗಿಯಿತು. ಹಲ್ಲುನೋವಿನವರು ಕೂಡ ಅವಳ ಬೆರಳುಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ನೋವು ಮರೆಯುತ್ತಿದ್ದರು.

ಹೊಸ ಉಣ್ಣೆಯ ಉಂಡೆ ಕೈಗೆ ಬಂದ ದಿನ ಅವಳಿಗೆ ಊಟ ಬೇಕಾಗುತ್ತಿರಲಿಲ್ಲ. ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದಳು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬೆನ್ನಿನ ಭಾಗ ಮುಗಿದು, ತೋಳು ಶುರುವಾಗುವ ಹೊತ್ತಿಗೆ ಅಂಗಡಿಯಲ್ಲಿ ಅದೇ ಬಣ್ಣ ಖಾಲಿಯಾಗಿರುತ್ತಿತ್ತು. ಅಂಗಡಿಯವನು "ಇದೂ ಅದೇ ನೀಲಿ ಅಮ್ಮ" ಎಂದು ಆಣೆ ಮಾಡಿ ಕೊಟ್ಟದ್ದು ಬಿಸಿಲಿಗೆ ಬಂದ ಕೂಡಲೇ ಬೇರೆ ನೀಲಿಯಾಗುತ್ತಿತ್ತು. ಒಮ್ಮೆ ಒಂದು ಕುಣಿಕೆ ಜಾರಿದ್ದು ಐವತ್ತು ಸಾಲು ದಾಟಿದ ಮೇಲೆ ಕಣ್ಣಿಗೆ ಬಿತ್ತು. ಯಾರಿಗೂ ಕಾಣುವಂಥದ್ದಲ್ಲ, ಬಗಲಿನ ಕೆಳಗೆ. ಅವಳಿಗೆ ಮಾತ್ರ ಅದು ಕಣ್ಣಲ್ಲಿ ಬಿದ್ದ ಕಸದ ಹಾಗೆ. ಹಲ್ಲು ಕಚ್ಚಿ ಐವತ್ತು ಸಾಲನ್ನೂ ಬಿಚ್ಚಿದಳು.

ಅವಳ ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೋಟರು ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆ. ಮಕ್ಕಳಾಗಲಿಲ್ಲ, ಆ ಬಗ್ಗೆಯೂ ಮಾತು ಕಡಿಮೆ. ವರ್ಷಕ್ಕೊಂದರಂತೆ ಅವಳು ಅವನಿಗೆ ಹದಿನಾರು ಸ್ವೆಟರು ಹೆಣೆದಿದ್ದಳು. ಪ್ರತಿ ಸಲವೂ ಅವನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಭೇಷಾಗಿದೆ ಕಣೆ" ಎನ್ನುತ್ತಿದ್ದ. ಅಷ್ಟೇ. ಆ ಒಂದು ಮಾತಿಗೆ ಅವಳು ಮೂರು ತಿಂಗಳು ಕತ್ತು ಬಗ್ಗಿಸುತ್ತಿದ್ದಳು. ಚಳಿಗಾಲದ ಬೆಳಗ್ಗೆ ಅವನು ಸ್ವೆಟರು ಹಾಕಿಕೊಂಡು ಬೀದಿಯ ತಿರುವಿನವರೆಗೆ ನಡೆದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಗ ಎದುರು ಮನೆಯ ಯಾರಾದರೂ ಹೊರಗೆ ಬಂದಿದ್ದರೆ ಇನ್ನೂ ಸಂತೋಷ.

ಹದಿನೇಳನೆಯದರ ಎಡತೋಳು ಕಡ್ಡಿಯ ಮೇಲಿರುವಾಗಲೇ ಅವನು ಹೋಗಿಬಿಟ್ಟ. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಎದೆನೋವು ಎಂದು ಹೇಳಿದ್ದನ್ನು ಜೊತೆಗಾರ ಕೇಳಿಸಿಕೊಂಡಿದ್ದನಂತೆ, ಅಷ್ಟೇ.

ತಿಂಗಳಾದ ಮೇಲೆ ಆ ಜೊತೆಗಾರನೇ ಮನೆಗೆ ಬಂದು, "ಅಕ್ಕಾ, ಅವರ ಬೀರು ಖಾಲಿ ಮಾಡ್ಬೇಕಂತೆ, ಹೊಸಬ್ರು ಬರ್ತಿದಾರೆ. ನಾನೇ ತಂದ್ಕೊಡ್ಲಾ?" ಎಂದ. ಅವಳು ತಾನೇ ಬರುತ್ತೇನೆಂದಳು. ಅವನು ಎರಡು ಸಲ ಬೇಡವೆಂದ. ಯಾಕೆ ಬೇಡವೆನ್ನುತ್ತಿದ್ದಾನೆಂದು ಅವಳು ಯೋಚಿಸಲಿಲ್ಲ.

ಮೂರು ಮೋಟರುಗಳ ಸದ್ದಿಗೆ ನೆಲವೇ ನಡುಗುವ ಆ ಕೋಣೆಯ ಮೂಲೆಯಲ್ಲಿ ಕಬ್ಬಿಣದ ಬೀರು ಇತ್ತು. ಮೇಲಿನ ಹಲಗೆಯಲ್ಲಿ ಅವನ ಊಟದ ಡಬ್ಬಿ, ಕನ್ನಡಕ. ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿ ಜೋಪಾನವಾಗಿಟ್ಟ ಹದಿನಾರನೆಯ ಸ್ವೆಟರು, ಕಡ್ಡಿಯಿಂದ ಈಗ ತಾನೆ ಇಳಿಸಿದ ಹಾಗೆ. ಪಕ್ಕದ ಮೊಳೆಗೆ ಒಂದು ಹತ್ತಿಯ ಜಾಕೆಟ್ಟು ತೂಗುತ್ತಿತ್ತು, ಅಂಗಡಿಯದು. ಅದನ್ನು ಅವಳು ನೋಡಿಯೇ ಇರಲಿಲ್ಲ. ಮೊಣಕೈ ಸವೆದು ಜಾಳಾಗಿತ್ತು. ಹರಿದ ಕಾಲರನ್ನು ಯಾರೋ ಕಪ್ಪು ದಾರದಲ್ಲಿ ಡೊಂಕುಡೊಂಕಾಗಿ ಹೊಲಿದಿದ್ದರು.

"ಇದು ಯಾರದ್ದು?"

ಜೊತೆಗಾರ ಮೋಟರಿನ ಕಡೆ ನೋಡಿದ. "ಅವರದ್ದೇ ಅಕ್ಕಾ."

"ಅವರ ಹತ್ರ ಇಂಥದ್ದು ಇರ್ಲಿಲ್ಲ."

"ಅಕ್ಕಾ, ಅವರಿಗೆ ಉಲ್ಲನ್ ಆಗ್ತಿರ್ಲಿಲ್ಲ. ಹಾಕ್ಕೊಂಡ್ರೆ ಮೈಯೆಲ್ಲ ದದ್ದು ಏಳ್ತಿತ್ತು. ಬೀದಿ ತಿರುಗಿದ ಕೂಡ್ಲೇ ಬಿಚ್ಚಿ ಚೀಲಕ್ಕೆ ಹಾಕ್ಕೊಳ್ಳೋರು. ಮನೆಗೆ ಹೋಗೋವಾಗ ಮತ್ತೆ ಹಾಕ್ಕೊಳ್ಳೋರು. ಆ ಕಾಲರು ಅವರೇ ಹೊಲ್ಕೊಂಡಿದ್ದು, ಇಲ್ಲೇ ಕೂತು."

ಮನೆಯಲ್ಲಿ ಸೂಜಿದಾರದ ಡಬ್ಬಿ ಇಟ್ಟುಕೊಂಡವಳು ಅವಳು. ಗಂಡ ಪಂಪ್‌ಹೌಸಿನಲ್ಲಿ ಕದ್ದು ಕಾಲರು ಹೊಲಿದುಕೊಂಡಿದ್ದ. ಮೋಟರಿನ ಬಿಸಿಗೆ ಬೆವರುಸಾಲೆ ಎಂದು ಅವನು ಹೇಳಿದ್ದನ್ನು ನಂಬಿ, ವರ್ಷಗಟ್ಟಲೆ ಅವನ ಬೆನ್ನಿಗೆ ಪೌಡರು ಹಚ್ಚಿದ್ದಳು. ಪೌಡರು ಹಚ್ಚಿ, ಅದರ ಮೇಲೆಯೇ ಸ್ವೆಟರು ತೊಡಿಸಿದ್ದಳು.

ಅಲ್ಲಿಂದ ಸೀದಾ ನಾದಿನಿಯ ಮನೆಗೆ ಹೋದಳು. ಗಂಡನ ತಂಗಿ, ಎರಡು ಬೀದಿ ಆಚೆ. ಅವಳು ಬಟ್ಟೆ ಒಣಗಹಾಕುತ್ತಿದ್ದಳು.

"ನಿಮ್ಮಣ್ಣನಿಗೆ ಉಣ್ಣೆ ಆಗ್ತಿರ್ಲಿಲ್ವಂತೆ. ನಿನಗೆ ಗೊತ್ತಿತ್ತಾ?"

ನಾದಿನಿ ಕೈಯಲ್ಲಿದ್ದ ಒದ್ದೆ ಲಂಗವನ್ನು ಮತ್ತೆ ಬಕೆಟ್ಟಿಗೆ ಹಾಕಿದಳು. "ಚಿಕ್ಕವನಿದ್ದಾಗಿಂದ್ಲೂ ಆಗ್ತಿರ್ಲಿಲ್ಲ ಅತ್ತಿಗೆ."

"ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದಿದ್ದ."

"ಅವರು ಬೇಡ ಅಂದ್ರೇನಂತೆ? ನಿನಗೆ ಬಾಯಿ ಇರ್ಲಿಲ್ವಾ?"

"ನಿಮಗೆ ಯಾರು ಹೇಳ್ತಾರೆ ಅತ್ತಿಗೆ?" ನಾದಿನಿಯ ದನಿ ಏರಿತು. "ಮದುವೆಯಾದ ಹೊಸದ್ರಲ್ಲಿ ನಮ್ಮಮ್ಮ ಸ್ವೆಟರಿನ ತೋಳು ಒಂಚೂರು ಉದ್ದ ಆಯ್ತು ಅಂದಿದ್ದಕ್ಕೆ ಎರಡು ದಿನ ಊಟ ಬಿಟ್ರಿ. ಆ ಸ್ವೆಟರನ್ನ ಅಮ್ಮನ ಕಣ್ಣೆದುರೇ ಬಿಚ್ಚಿ ಹಾಕಿದ್ರಿ. ಅವತ್ತೇ ಅಣ್ಣ ಹೇಳಿದ, ಇನ್ಮೇಲೆ ಈ ಮನೇಲಿ ಯಾರೂ ಅವಳ ಹೆಣಿಗೆ ಬಗ್ಗೆ ತುಟಿ ಬಿಚ್ಚಬಾರ್ದು ಅಂತ. ನಾವ್ಯಾರೂ ಬಿಚ್ಚಲಿಲ್ಲ."

ಕಡ್ಡಿ ಅಕ್ಕ ಅಲ್ಲಿಂದ ಹೊರಟು ಬಂದಳು. ಎರಡು ದಿನ ಊಟ ಬಿಟ್ಟದ್ದು ಅವಳಿಗೆ ಮರೆತೇಹೋಗಿತ್ತು. ಅದನ್ನು ಇಷ್ಟು ಜನ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದರು.

ಮೊದಲು ಬಂದದ್ದು ಸಿಟ್ಟು. ಸತ್ತವನ ಮೇಲೆ ಸಿಟ್ಟು ಮಾಡಿ ಏನು ಮಾಡುವುದು? ಅಡುಗೆಮನೆಯಲ್ಲಿ ನಿಂತು, "ಒಂದ್ಮಾತು ಹೇಳಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು? ಹತ್ತಿದಾರದಲ್ಲೇ ಹೆಣೀತಿದ್ದೆ" ಎಂದು ಗೋಡೆಗೆ ಹೇಳಿದಳು. ಹೇಳಿದ ಮೇಲೆ ಅವಳಿಗೇ ಅನುಮಾನವಾಯಿತು. ಆಗ ಹೇಳಿದ್ದರೆ ನಿಜವಾಗಿ ಹತ್ತಿದಾರ ತರುತ್ತಿದ್ದೆನೆ, ಅಥವಾ ಮುಖ ಊದಿಸಿಕೊಂಡು ಮೂಲೆಗೆ ಕೂರುತ್ತಿದ್ದೆನೆ? ಅವಳಿಗೆ ಗೊತ್ತಾಗಲಿಲ್ಲ.

ಕಡ್ಡಿಗಳನ್ನು ಅಟ್ಟಕ್ಕೆ ಹಾಕಿದಳು. ಕ್ಲಿನಿಕ್ಕಿನಲ್ಲಿ ಕೈ ಕಟ್ಟಿ ಕೂರತೊಡಗಿದಳು. ಖಾಲಿ ಬೆರಳುಗಳು ಸೆರಗಿನ ಅಂಚನ್ನು ಕಿತ್ತುಕಿತ್ತು ಜೂಲು ಮಾಡಿದವು. ಡಾಕ್ಟರೇ ಒಂದು ದಿನ, "ಏನಮ್ಮ, ಹೆಣೆಯೋದು ಬಿಟ್ರಾ? ನೀವು ಕೊಟ್ಟ ಮಫ್ಲರು ಈಗಲೂ ಹಾಕ್ಕೋತೀನಿ, ಎಷ್ಟು ಬೆಚ್ಚಗಿದೆ" ಎಂದರು. ಹಿಂದೆಯಾಗಿದ್ದರೆ ಆ ಮಾತನ್ನು ವಾರವಿಡೀ ಚಪ್ಪರಿಸುತ್ತಿದ್ದಳು. ಈಗ ಡಾಕ್ಟರ ಕುತ್ತಿಗೆಯನ್ನೇ ನೋಡಿದಳು, ಎಲ್ಲಾದರೂ ಕೆಂಪಗಿದೆಯೇ ಎಂದು. ಹಾಗೆಯೇ ಎದುರು ಮನೆಯವಳಿಗೆ ಕೊಟ್ಟ ಶಾಲು, ಕ್ಲಿನಿಕ್ಕಿನ ಕಸ ಗುಡಿಸುವಾಕೆಗೆ ಕೊಟ್ಟ ಟೋಪಿ, ಎಲ್ಲರ ಹೊಗಳಿಕೆಯೂ ಒಂದೊಂದಾಗಿ ಕೈಬಿಟ್ಟು ಹೋಯಿತು. ಗಂಡ ಹೋದದ್ದು ಒಂದು ನಷ್ಟ. ತಾನು ಇಡೀ ಜನ್ಮದಲ್ಲಿ ಚೆನ್ನಾಗಿ ಮಾಡಿದ್ದೇನೆಂದು ನಂಬಿದ್ದ ಒಂದೇ ಕೆಲಸದ ಮೇಲಿನ ನಂಬಿಕೆ ಹೋದದ್ದು ಇನ್ನೊಂದು. ಯಾವುದಕ್ಕೆ ಅಳುತ್ತಿದ್ದೇನೆಂದು ಕೆಲವು ಸಲ ತಿಳಿಯುತ್ತಲೂ ಇರಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಕೈ ಸುಮ್ಮನಿರಲಾರದೆ ಕಡ್ಡಿ ಕೆಳಗಿಳಿಯಿತು. ಈ ಸಲ ಹತ್ತಿದಾರ. ಜೀವವಿಲ್ಲದ ದಾರ, ಎಳೆದರೆ ಹಿಗ್ಗುವುದಿಲ್ಲ, ಬೆರಳಿಗೆ ಒಗ್ಗುವುದಿಲ್ಲ. ಹೆಣೆದದ್ದೆಲ್ಲ ಜೋಲು. ಆದರೂ ಒಂದು ಮೇಲಂಗಿ ಮುಗಿಸಿ ನಾದಿನಿಗೆ ಕೊಟ್ಟಳು. ಆ ದಿನದ ಜಗಳದ ನಂತರ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿರಲಿಲ್ಲ.

ನಾದಿನಿ ತೊಟ್ಟುಕೊಂಡು ಕೈ ಮೇಲೆತ್ತಿದಳು, ಇಳಿಸಿದಳು. ಅತ್ತಿಗೆಯ ಮುಖ ನೋಡಿದಳು.

"ಸುಳ್ಳು ಹೇಳ್ಬೇಡ," ಎಂದಳು ಕಡ್ಡಿ ಅಕ್ಕ.

"ಕುತ್ತಿಗೆ ಬಿಗಿ ಅತ್ತಿಗೆ. ಉಸಿರು ಕಟ್ಟುತ್ತೆ. ಬೆನ್ನೂ ಜೋಲು. ನಿಜ ಹೇಳ್ಬೇಕಂದ್ರೆ ನಂಗೆ ಈ ಬಣ್ಣಾನೂ ಇಷ್ಟ ಇಲ್ಲ."

ಕಡ್ಡಿ ಅಕ್ಕನ ಕಿವಿಯವರೆಗೆ ರಕ್ತ ಏರಿತು. ಹಳೆಯ ಸಿಟ್ಟು ಗಂಟಲಿಗೆ ಬಂದದ್ದು ಅವಳಿಗೇ ತಿಳಿಯಿತು. ನಾದಿನಿಯೂ ಅದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಕಡ್ಡಿ ಅಕ್ಕ ಕೈ ಚಾಚಿದಳು.

"ಬಿಚ್ಚಿ ಕೊಡು," ಎಂದಳು. "ಕುತ್ತಿಗೆ ಸರಿ ಮಾಡ್ತೀನಿ. ಬಣ್ಣಕ್ಕೆ ನಾನೇನೂ ಮಾಡೋಕಾಗಲ್ಲ."

ಅಲ್ಲೇ ಕಿಟಕಿಯ ಹತ್ತಿರ ಕೂತು ಕುತ್ತಿಗೆಯ ಸಾಲುಗಳನ್ನು ಬಿಚ್ಚತೊಡಗಿದಳು. ನಾದಿನಿ ಪಕ್ಕದಲ್ಲಿ ಕೂತು ಬಿಚ್ಚಿದ ದಾರವನ್ನು ಉಂಡೆ ಸುತ್ತಿದಳು. ಇಬ್ಬರೂ ಅವನ ಹೆಸರೆತ್ತಲಿಲ್ಲ. ಒಂದು ಸಲ ಮಾತ್ರ ಕಡ್ಡಿ ಅಕ್ಕನ ಕೈ ನಿಂತಿತು.

"ಅವರೂ ಹೀಗೆ ಒಂದ್ಸಲ ಹೇಳಿದ್ರೆ..." ಎಂದಳು.

ನಾದಿನಿ ಬಿಚ್ಚಿ ಬಂದ ಎಳೆಯನ್ನು ಮೆಲ್ಲನೆ ಎಳೆದು ಉಂಡೆಗೆ ಸುತ್ತಿದಳು.