ಬೂದಿ ಬಣ್ಣದ ಬೀದಿ

ಗಾಳಿ ಜೋರಾಗಬಹುದು. ಹದ್ದು ಎರಗಬಹುದು. ಗಾಳಿಪಟದ ಮಾಂಜಾ ದಾರ ಸುತ್ತಿಕೊಳ್ಳಬಹುದು. ಕೇಬಲ್ಲಿನವರು ಕಂಬದಿಂದ ಕಂಬಕ್ಕೆ ಎಳೆದ ವೈರು ಕಾಣದೆ ಹೋಗಬಹುದು. ಬ್ಯಾಟರಿ ಊದಿಕೊಂಡಿರಬಹುದು. ಮೆಮೊರಿ ಕಾರ್ಡು ಕೈಕೊಡಬಹುದು. ತಾರಸಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸರು ನಮ್ಮನ್ನೇ ವಿಡಿಯೋ ಮಾಡುತ್ತಿದ್ದಾನೆಂದು ಗಲಾಟೆ ಎಬ್ಬಿಸಬಹುದು. ಸ್ಟೇಷನ್ನಿಗೆ ಹೋಗಿ ಹೇಳಿಬಂದಿದ್ದರೂ ಬೀಟಿನ ಪೊಲೀಸರಿಗೆ ಅದು ಗೊತ್ತಿಲ್ಲದಿರಬಹುದು. ಡ್ರೋನು ಯಾರದೋ ನೀರಿನ ಟ್ಯಾಂಕಿಗೆ ಬೀಳಬಹುದು. ಯಾರದೋ ತಲೆಯ ಮೇಲೆ ಬೀಳಬಹುದು. ಕಂಪ್ಯೂಟರ್ ಹ್ಯಾಂಗ್ ಆಗಬಹುದು.

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಕೈಬರಹ ನನ್ನದೇ. ಕಳೆದ ವಾರ ಸ್ಟುಡಿಯೋದ ಡ್ರಾಯರಿನಲ್ಲಿ ಯಾವುದೋ ಹಳೆಯ ಕೇಬಲ್ ಹುಡುಕುವಾಗ ಈ ಪಟ್ಟಿ ಸಿಕ್ಕಿತು. ಬರೆದಿರುವುದು ಒಂದು ಶೇಡ್ ಕಾರ್ಡಿನ ಹಿಂಬದಿಯಲ್ಲಿ. ಗೋಡೆಗೆ ಯಾವ ಬಣ್ಣ ಎಂದು ಆರಿಸಿಕೊಳ್ಳಲು ಪೇಂಟ್ ಅಂಗಡಿಗಳಲ್ಲಿ ಕೊಡುತ್ತಾರಲ್ಲ, ಸಣ್ಣ ಸಣ್ಣ ಬಣ್ಣದ ಚೌಕಗಳ ಮಡಿಕೆ ಕಾಗದ, ಅದು. ಮೂಗಿನ ಹತ್ತಿರ ಹಿಡಿದೆ. ಟರ್ಪೆಂಟೈನ್ ವಾಸನೆ ಇನ್ನೂ ಇತ್ತು. ಇತ್ತೋ, ಇದೆ ಎಂದು ನನಗನ್ನಿಸಿತೋ...

ಗೋವಿಂದರಾಜನಗರದಲ್ಲಿ ನನ್ನ ಸ್ಟುಡಿಯೋ ಇರುವುದು ಮೊದಲ ಮಹಡಿಯಲ್ಲಿ. ಸ್ಟುಡಿಯೋ ಎಂದರೆ ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆ, ಒಂದು ಕಂಪ್ಯೂಟರ್ ಮತ್ತು ನಾನು. ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೋ ಮಾಡುತ್ತೇನೆ. ನೆಲಮಹಡಿಯಲ್ಲಿ ಆಗ ಒಂದು ಪೇಂಟ್ ಅಂಗಡಿ ಇತ್ತು. ಅದರ ಮಾಲೀಕರನ್ನು ನಾನು ಸಾರ್ ಎನ್ನುತ್ತಿದ್ದೆ, ಉಳಿದವರು ಪೇಂಟ್ ಅಂಗಡಿಯವರು ಎನ್ನುತ್ತಿದ್ದರು. ಎಪ್ಪತ್ತು ದಾಟಿತ್ತು. ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತಿ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಅವರ ಬದಲು ಅಂಗಡಿಯ ಟರ್ಪೆಂಟೈನ್ ವಾಸನೆ ದಿನಾ ಹತ್ತಿ ಬರುತ್ತಿತ್ತು. ಅದರಿಂದ ನನಗೆ ಆಸ್ತಮಾ ಬರುತ್ತದೆ, ಬೆಂಕಿ ಬಿದ್ದರೆ ಮೊದಲು ಸುಡುವವನು ನಾನೇ ಎಂದು ಹನ್ನೊಂದು ವರ್ಷ ಹೆದರಿದೆ. ಎರಡೂ ಆಗಲಿಲ್ಲ.

"ಇಂಥ ವಾಸನೇಲಿ ಹೆಂಗಿರ್ತೀರಾ ಸಾರ್?" ಎಂದು ಒಮ್ಮೆ ಕೇಳಿದ್ದೆ.

"ಯಾವ ವಾಸನೆ?" ಎಂದರು. ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಬರುತ್ತಿರಲಿಲ್ಲ.

ಬೇರೆ ಅಂಗಡಿಗಳಿಗೆಲ್ಲ ಬಣ್ಣ ಬೆರೆಸುವ ಮಷೀನು ಬಂದಿದ್ದರೂ ಅವರು ತರಿಸಲಿಲ್ಲ. ಬಿಳಿ ಬಣ್ಣದ ಡಬ್ಬಿಗೆ ಹನಿಹನಿಯಾಗಿ ಬಣ್ಣ ಬಿಟ್ಟು, ಕೋಲಿನಲ್ಲಿ ಕಲಕಿ, ಒಂದು ತೊಟ್ಟನ್ನು ಎಡಗೈ ಹೆಬ್ಬೆರಳಿನ ಉಗುರಿಗೆ ಹಚ್ಚಿಕೊಂಡು ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದರು. ಆತುರದ ಗಿರಾಕಿ, "ಇದು ಸ್ವಲ್ಪ ಡಾರ್ಕ್ ಆಯ್ತಲ್ವಾ ಸಾರ್?" ಎಂದರೆ, "ಹಸಿ ಇದೆ. ಒಣಗಿದ ಮೇಲೆ ಮಾತಾಡು," ಎಂದು ಬಾಯಿ ಮುಚ್ಚಿಸುತ್ತಿದ್ದರು. ಹಸಿ ಬಣ್ಣಕ್ಕೆ ತೀರ್ಪು ಕೊಡಬಾರದು ಎನ್ನುವುದು ಅವರಿಗಿದ್ದ ಒಂದೇ ಸಿದ್ಧಾಂತ. ಹತ್ತು ವರ್ಷ ಹಿಂದೆ ಬಳಿದ ಗೋಡೆಯ ಒಂದು ಚಕ್ಕೆ ತಂದುಕೊಟ್ಟರೆ ಸಾಕು, ಅದೇ ಬಣ್ಣ ಮಾಡಿಕೊಡುತ್ತಿದ್ದರು. ಲಗ್ಗೆರೆಯಿಂದಲೂ ಜನ ಚಕ್ಕೆಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು.

ನನ್ನ ಕೆಲಸವನ್ನೂ ಅವರು ಬಿಡುತ್ತಿರಲಿಲ್ಲ. ಟೀಗೆ ಕೆಳಗಿಳಿದಾಗ ಫೋನಿನಲ್ಲಿ ಮುಗಿದ ವಿಡಿಯೋ ತೋರಿಸಿದರೆ, "ಹೆಣ್ಣಿಗೆ ಕಾಮಾಲೆ ಕಣಯ್ಯಾ. ಒಂದು ಹನಿ ನೀಲಿ ಬಿಡು," ಎನ್ನುತ್ತಿದ್ದರು. ಮೇಲೆ ಹೋಗಿ ಒಂದಿಷ್ಟು ನೀಲಿ ಸೇರಿಸುತ್ತಿದ್ದೆ. ಹುಡುಗಿಯ ಮುಖಕ್ಕೆ ಜೀವ ಬರುತ್ತಿತ್ತು. ಡ್ರೋನು ಕೊಂಡಾಗ ಅದಕ್ಕೆ ಸೊಳ್ಳೆ ಎಂದು ಹೆಸರಿಟ್ಟವರೂ ಅವರೇ.

ಈ ಪಟ್ಟಿ ಬರೆದ ವರ್ಷ ಬ್ಯಾಡರಹಳ್ಳಿಯ ಗಿರಾಕಿಯೊಬ್ಬ ಡಬ್ಬಿ ಸಮೇತ ವಾಪಸು ಬಂದ. ಹೊಸ ಮನೆಯ ಒಂದು ಗೋಡೆಗೆ ಬಣ್ಣ ಸಾಲದೆ ಇವರಿಂದಲೇ ಮತ್ತೆ ಬೆರೆಸಿಕೊಂಡು ಹೋಗಿದ್ದ. "ಏನ್ ಸಾರ್ ಇದು, ಗೋಡೆಗೆ ಬ್ಯಾಂಡೇಜ್ ಸುತ್ತಿದಂಗಿದೆ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಫೋಟೋ ತೋರಿಸಿದ. ಅವರು ಫೋಟೋ ನೋಡಿದರು, ಡಬ್ಬಿ ನೋಡಿದರು, ತಮ್ಮ ಉಗುರನ್ನು ನೋಡಿಕೊಂಡರು.

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಬಲಗಣ್ಣಿಗೆ ಆಪರೇಷನ್ ಆಯಿತು. ಎಡಗಣ್ಣಿನದು ಮುಂದಿನ ತಿಂಗಳು ಎಂದಾಯಿತು.

ಆಪರೇಷನ್ ಆಗಿ ಕೆಲವು ವಾರಗಳ ಮೇಲೆ ಅವರು ನನ್ನನ್ನು ಕರೆದು, "ನಿನ್ನ ಸೊಳ್ಳೆ ಹಾರಿಸಿ ನಮ್ಮ ಬೀದೀನ ಮೇಲಿಂದ ತೋರಿಸ್ತೀಯೇನಯ್ಯಾ?" ಎಂದರು. ಮುದುಕರ ಆಸೆ ಎಂದುಕೊಂಡೆ. ನಿಜ ಕಾರಣ ಆಮೇಲೆ ಅವರ ಹೆಂಡತಿಯಿಂದ ತಿಳಿಯಿತು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಬೀದಿಯ ಮುಕ್ಕಾಲು ಮನೆಗಳ ಬಣ್ಣ ಅವರ ಕೈಯದು. ಕೆಳಗೆ ನಿಂತರೆ ಬೋರ್ಡು, ವೈರು, ಧೂಳು, ಅಷ್ಟೇ ಕಾಣುವುದು. ಮೇಲಿನ ಮಹಡಿಗಳನ್ನೆಲ್ಲ ಒಟ್ಟಿಗೆ ನೋಡಬೇಕು, ಯಾರಿಗೂ ತಿಳಿಯದಂತೆ ಕಣ್ಣಿನ ಪರೀಕ್ಷೆ ಮಾಡಿಕೊಳ್ಳಬೇಕು. ಬೆರೆಸಿದ ಬಣ್ಣ ಬೆರೆಸಿದ ಹಾಗೇ ಕಂಡರೆ ಅಂಗಡಿ ಮುಂದುವರಿಸುವುದು, ಕಾಣದಿದ್ದರೆ ಕೋಲು ಕೆಳಗಿಡುವುದು. ಹೆಂಡತಿಗೆ ಹಾಗೆಂದು ಹೇಳಿಬಿಟ್ಟಿದ್ದರಂತೆ.

ಇದೊಂದೂ ಗೊತ್ತಿಲ್ಲದ ನಾನು ಅವರ ಗಲ್ಲಾ ಮೇಲಿದ್ದ ಶೇಡ್ ಕಾರ್ಡ್ ತಿರುಗಿಸಿ ಪಟ್ಟಿ ಬರೆಯಲು ಕುಳಿತೆ. ಅವರು ಬಗ್ಗಿ ಓದಿದರು. "ಮದುವೆ ವಿಡಿಯೋ ಮಾಡೋನೋ, ತಿಥಿ ಸಾಮಾನು ಬರೆಯೋನೋ ನೀನು?" ಎಂದರು.

ಒಂದು ಭಾನುವಾರ ಬೆಳಿಗ್ಗೆ ಹಾರಿಸಿದೆ. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಹದ್ದೊಂದು ಬಂತು, ನೋಡಿತು, ಹೋಯಿತು. ತಾರಸಿಯ ಹೆಂಗಸೊಬ್ಬರು, "ಅಣ್ಣಾ, ನಮ್ಮನೇನೂ ಚೆನ್ನಾಗಿ ತೆಗೀರಿ!" ಎಂದು ಕೂಗಿ ಕೈಬೀಸಿದರು. ಬೈಕು ನಿಲ್ಲಿಸಿದ ಪೊಲೀಸಪ್ಪ ತನ್ನ ಅಕ್ಕನ ಮಗಳ ಮದುವೆಗೆಂದು ನನ್ನ ನಂಬರ್ ಬರೆದುಕೊಂಡು ಹೋದ. ಹನ್ನೆರಡು ನಿಮಿಷ ಹಾರಿ ಸೊಳ್ಳೆ ನನ್ನ ಅಂಗೈಗೆ ಬಂದಿಳಿಯಿತು. ಇಷ್ಟು ಸಲೀಸಾಗಿ ಆದದ್ದಕ್ಕೇ ನನಗೆ ಭಯವಾಯಿತು.

ಇಲ್ಲಿ ನನ್ನ ಕಸುಬಿನ ಸಂಗತಿಯೊಂದನ್ನು ಹೇಳಬೇಕು. ಡ್ರೋನು ಎರಡು ಬಗೆಯಲ್ಲಿ ಚಿತ್ರ ತೆಗೆಯುತ್ತದೆ. ಒಂದರಲ್ಲಿ ಬಣ್ಣ ಸಿದ್ಧವಾಗಿಯೇ ಬರುತ್ತದೆ, ಆಮೇಲೆ ಹೆಚ್ಚು ಬದಲಾಯಿಸಲು ಬರುವುದಿಲ್ಲ. ಲಾಗ್ ಎನ್ನುವ ಇನ್ನೊಂದು ಪ್ರೊಫೈಲಿನಲ್ಲಿ ಚಿತ್ರ ಹಾಲು ಚೆಲ್ಲಿದಂತೆ, ಬೂದಿ ಎರಚಿದಂತೆ ಕಾಣುತ್ತದೆ. ಬಣ್ಣವೆಲ್ಲ ಒಳಗೇ ಇರುತ್ತದೆ. ಉರಿಬಿಸಿಲೂ ಕಡುನೆರಳೂ ಹಾಳಾಗದಿರಲಿ ಎಂದು ಹಾಗೆ ಅಡಗಿಸಿಟ್ಟಿರುತ್ತದೆ. ಎಡಿಟ್ ಮಾಡುವಾಗ ನಾವು ಅದನ್ನು ಹೊರಗೆ ಎಳೆಯಬೇಕು. ಅದಕ್ಕೊಂದು ಪರದೆಯಂಥ ಪದರವಿದೆ, ಹಾಕಿದರೆ ಹಸಿರು ಹಸಿರಾಗುತ್ತದೆ, ಕೆಂಪು ಕೆಂಪಾಗುತ್ತದೆ. ಸಾರ್ ಬಣ್ಣದ ಮನುಷ್ಯ, ಅವರಿಗೆ ಸಾಧಾರಣದ್ದು ಬೇಡ ಎಂದು ನಾನು ಲಾಗ್‌ನಲ್ಲೇ ತೆಗೆದಿದ್ದೆ.

ಕಷ್ಟವೆಂದರೆ ಡ್ರೋನಿನ ಫೈಲುಗಳು ಕಾರ್ಡಿನಲ್ಲಿ ಕಡಿಮೆ ಜಾಗ ಹಿಡಿಯಲೆಂದು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಅವನ್ನು ಬಿಚ್ಚುವ ಕೆಲಸ ಕಂಪ್ಯೂಟರಿನದು. ನನ್ನದಕ್ಕೆ ಆಗ ಏಳು ವರ್ಷ, ನಾಯಿಯ ಲೆಕ್ಕದಲ್ಲಿ ನನ್ನದೇ ವಯಸ್ಸು. ಬಿಚ್ಚುವುದರ ಮೇಲೆ ಬಣ್ಣದ ಪದರವನ್ನೂ ಹೊರಿಸಿದರೆ ಬಿಕ್ಕಳಿಕೆ ಬಂದವರಂತೆ ನಿಂತು ನಿಂತು ಓಡುತ್ತಿತ್ತು. ಇದಕ್ಕೆ ಉಪಾಯ ಎರಡು. ಒಂದು, ಪ್ರಾಕ್ಸಿ. ಕಾಲೇಜಿನಲ್ಲಿ ಗೆಳೆಯನ ಹಾಜರಿಯನ್ನು ನಾವು ಕೂಗುತ್ತಿದ್ದೆವಲ್ಲ, ಹಾಗೆ ಭಾರದ ಫೈಲಿನ ಬದಲು ಅದರದೇ ಒಂದು ಹಗುರ ನಕಲು ಕೆಲಸಕ್ಕೆ ನಿಲ್ಲುತ್ತದೆ. ನಕಲು ತಯಾರಾಗಲು ಗಂಟೆಗಟ್ಟಲೆ ಬೇಕು. ಇನ್ನೊಂದು, ಬಣ್ಣದ ಪದರದ ಮುಂದಿರುವ ರೈಟ್ ಗುರುತನ್ನು ತೆಗೆದುಬಿಡುವುದು. ಬಣ್ಣ ಹೋಗುತ್ತದೆ, ಓಟ ಬರುತ್ತದೆ.

ಮರುದಿನ ಮಧ್ಯಾಹ್ನ ನಕಲು ಇನ್ನೂ ತಯಾರಾಗುತ್ತಿದ್ದಾಗ ಮೆಟ್ಟಿಲ ಮೇಲೆ ಉಸಿರು ಕೇಳಿಸಿತು. ಕಾಯಲಾಗದೆ ಅವರೇ ಹತ್ತಿ ಬರುತ್ತಿದ್ದರು. ನನಗೆ ಚಿಂತೆ ಶುರುವಾಯಿತು. ಚಿತ್ರ ಬಿಕ್ಕುತ್ತದೆ, ಅವರಿಗೆ ತಲೆ ಸುತ್ತುತ್ತದೆ, ಆಪರೇಷನ್ ಆದ ಕಣ್ಣು ಬೇರೆ. ತಯಾರಿಯನ್ನು ಅರ್ಧಕ್ಕೆ ನಿಲ್ಲಿಸಿದೆ. ಗುರುತು ತೆಗೆದೆ. ಕುರ್ಚಿ ಎಳೆದು ಕೂರಿಸಿದೆ.

ಚಿತ್ರ ಹರಿಯಿತು. ನಾನು ಓಟವನ್ನೇ ನೋಡುತ್ತಿದ್ದೆ. ಮೂರು ವರ್ಷ ದಿನವಿಡೀ ಲಾಗ್ ನೋಡಿ ನೋಡಿ ನನ್ನ ಕಣ್ಣಿಗೆ ಆ ಬೂದಿ ಕಾಣುವುದೇ ನಿಂತುಹೋಗಿತ್ತು, ಅವರಿಗೆ ಟರ್ಪೆಂಟೈನ್ ವಾಸನೆ ಬರದಿದ್ದ ಹಾಗೆ.

"ಹೆಂಗಿದೆ ಸಾರ್?"

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ನಿನಗೆ ಸರಿಯಾಗಿ ಕಾಣ್ತಿದೆಯೇನಯ್ಯಾ?"

"ಬೆಣ್ಣೆ ಥರ ಹೋಗ್ತಾ ಇದೆ ಸಾರ್."

"ಮೂಲೆ ಮನೆ... ಗಿಳಿ ಹಸಿರು... ಅಲ್ವಾ?"

"ಹೌದು ಸಾರ್, ಗಿಳಿ ಹಸಿರೇ! ಕಣ್ಣಿಗೆ ಹೊಡೀತಿದೆ ನೋಡಿ."

ಹಾಗೆಂದದ್ದು ನಾನೇ. ಆ ಮನೆ ಹಸಿರೆಂದು ನನಗೆ ಗೊತ್ತಿತ್ತು, ಗೊತ್ತಿದ್ದದ್ದೇ ನನಗೆ ಕಂಡಿತು. ಪಕ್ಕದ್ದು ಅರಿಶಿನ ಅಲ್ವಾ ಎಂದರು, ಅದಕ್ಕೂ ಹೌದು ಎಂದೆ. ಅದರಾಚೆಯದು ನೇರಳೆ ಅಲ್ವಾ ಎಂದರು, ಅದಕ್ಕೂ ಹೌದು. ಪ್ರತಿ ಸಲವೂ ಅವರ ದನಿ ಒಂದಿಷ್ಟು ಇಳಿಯುತ್ತಿತ್ತು. ನಾಲ್ಕನೆಯ ಮನೆಯ ಬಣ್ಣ ಕೇಳಲಿಲ್ಲ. ನನ್ನ ಭುಜ ಹಿಡಿದು ಎದ್ದರು. "ಚೆನ್ನಾಗಿದೆ ಕಣಯ್ಯಾ. ಕಷ್ಟಪಟ್ಟಿದೀಯ," ಎಂದರು. ಅವರು ಇಳಿಯುವಾಗ ಮೆಟ್ಟಿಲಲ್ಲಿ ಬಿದ್ದುಬಿಟ್ಟರೆ ಎಂದು ನಾನು ಹಿಂದೆಯೇ ಇಳಿದೆ. ಬೀಳಲಿಲ್ಲ.

ಆ ವಾರದಿಂದ ಅವರು ಬಣ್ಣ ಬೆರೆಸಲಿಲ್ಲ. ಚಕ್ಕೆ ತಂದವರಿಗೆ, "ಮಷೀನ್ ಇರೋ ಅಂಗಡಿಗೆ ಹೋಗಪ್ಪಾ," ಎಂದು ಕೈತೋರಿಸುತ್ತಿದ್ದರು. ವಯಸ್ಸಾಯಿತು, ಸುಸ್ತಿರಬೇಕು ಎಂದುಕೊಂಡೆ. ನಾನು ಮದುವೆ ಸೀಸನ್ನಿನಲ್ಲಿ ಮುಳುಗಿದ್ದೆ. ಬಣ್ಣ ಹಾಕಿ ಮುಗಿಸಿದ ವಿಡಿಯೋವನ್ನು ಅವರಿಗೆ ಕೊಡಬೇಕು, ಕೊಡಬೇಕು ಎಂದುಕೊಳ್ಳುತ್ತಲೇ... ಶಟರು ಮೊದಲು ಅರ್ಧ ಇಳಿಯಿತು. ಒಂದು ದಿನ ಪೂರ್ತಿ ಇಳಿಯಿತು. ಮೂರು ತಿಂಗಳಲ್ಲಿ, ಮನೆಯಲ್ಲೇ, ಕೂತಲ್ಲೇ ಹೋಗಿಬಿಟ್ಟರು. ಹೃದಯ ಎಂದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಅಂಗಡಿ ಖಾಲಿ ಮಾಡಲು ಬಂದವರು, "ಅವರು ಕೊನೇಗೆ ಅದೇನೋ ನೋಡಿದ್ರಂತಲ್ಲಪ್ಪ, ನನಗೂ ತೋರಿಸು," ಎಂದರು. ಮುಗಿಸಿಟ್ಟ ವಿಡಿಯೋ ಹಾಕಿದೆ. ಗಿಳಿ ಹಸಿರು, ಅರಿಶಿನ, ನೇರಳೆ, ತಾರಸಿಯ ಹೆಂಗಸಿನ ಕೆಂಪು ಸೀರೆ. ಅವರು ಸೆರಗು ಬಾಯಿಗೆ ಇಟ್ಟುಕೊಂಡು ನೋಡಿದರು.

"ಇಷ್ಟು ಚೆನ್ನಾಗಿ ಕಾಣ್ತಿದೆಯಲ್ಲೋ... ಅವರು ಮನೆಗೆ ಬಂದು, 'ಎಲ್ಲಾ ಬೂದಿ ಕಣೇ, ಆ ಹುಡುಗನಿಗೆ ಕಾಣ್ತಿದೆ, ನನಗೆ ಕಾಣ್ತಿಲ್ಲ' ಅಂದ್ರು. ಎದುರು ಮನೆ ಗೋಡೆ ತೋರಿಸಿ ಅದು ಹಸಿರು ಕಾಣಲ್ವಾ ಅಂದೆ. 'ಅದು ನಾನೇ ಬೆರೆಸಿದ್ದು, ನೆನಪಿಗೆ ಕಾಣ್ತಿದೆ, ಕಣ್ಣಿಗಲ್ಲ' ಅಂದ್ರು. ಡಾಕ್ಟರು ಕಣ್ಣು ಚೆನ್ನಾಗಿದೆ ಅಂದ್ರೂ ನಂಬಲಿಲ್ಲ. ಇನ್ನೊಂದು ಕಣ್ಣಿನ ಆಪರೇಷನ್‌ಗೆ ಹೋಗಲೇ ಇಲ್ಲ. ಕೈ ಸುಮ್ಮನಾಗೋಯ್ತಪ್ಪ ಅವರದ್ದು. ದಿನವೆಲ್ಲ ಉಗುರು ನೋಡ್ಕೊಂಡು ಕೂತಿರ್ತಿದ್ರು. ಯಾಕೆ ಅವರಿಗೆ ಹಂಗೆ ಕಂಡಿದ್ದು?"

ಐವತ್ತು ಹತ್ತಿರವಾದ ನನ್ನನ್ನು ಹುಡುಗ ಎನ್ನುತ್ತಿದ್ದವರು ಸಾರ್ ಒಬ್ಬರೇ. ಆ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಆದರೂ ನಾನು ಹೇಳಿದ್ದು ಏನು ಗೊತ್ತೆ? "ವಯಸ್ಸಾಗಿತ್ತಲ್ಲ ಆಂಟಿ..."

ಅವರು ತಲೆಯಾಡಿಸಿದರು. ಆ ಸುಳ್ಳನ್ನು ಇಲ್ಲಿಯವರೆಗೆ ಯಾರೂ ತಿದ್ದಿಲ್ಲ. ಅವರು ಈಗ ಕೆಂಗೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಕೇಳಿದ್ದೇನೆ. ಹೋಗಿ ಹೇಳಬೇಕು. ಹೇಳಿದರೆ ಏನೇನಾಗಬಹುದು ಎಂಬ ಪಟ್ಟಿ ಮಾತ್ರ ತಲೆಯಲ್ಲಿ ಉದ್ದವಾಗುತ್ತಿದೆ.

ಕೆಳಗಡೆ ಈಗ ಮೊಬೈಲ್ ಕವರಿನ ಅಂಗಡಿ, ಯಾವ ವಾಸನೆಯೂ ಹತ್ತಿ ಬರುವುದಿಲ್ಲ. ನನ್ನ ಹೊಸ ಕಂಪ್ಯೂಟರ್ ಬಣ್ಣ ಹೊತ್ತೂ ಬಿಕ್ಕುವುದಿಲ್ಲ. ಶೇಡ್ ಕಾರ್ಡು ಸಿಕ್ಕ ದಿನ ಆ ಬೀದಿಯನ್ನು ಮತ್ತೊಮ್ಮೆ ಹಾಕಿ ನೋಡಿದೆ. ಲಾಗ್, ಪ್ರೊಫೈಲು, ಪದರ, ಈ ಭಾಷಣ ಯಾವುದೂ ಅವರಿಗೆ ಬೇಕಿರಲಿಲ್ಲ. ಅವರದೇ ಮಾತಿನಲ್ಲಿ, ಇನ್ನೂ ಹಸಿ ಇದೆ ಸಾರ್ ಎಂದಿದ್ದರೆ ಸಾಕಿತ್ತು. ಒಣಗುವವರೆಗೆ ಅವರು ಕಾಯುತ್ತಿದ್ದರು. ಬದುಕಿಡೀ ಅವರು ಮಾಡಿದ್ದು ಅದನ್ನೇ.

ಪಟ್ಟಿಯಲ್ಲಿ ಹನ್ನೊಂದು ಸಾಲುಗಳಿವೆ. ಹನ್ನೊಂದರಲ್ಲಿ ಒಂದೂ ಆಗಲಿಲ್ಲ. ಕಂಪ್ಯೂಟರ್ ಕೂಡ ಹ್ಯಾಂಗ್ ಆಗಲಿಲ್ಲ. ಪರದೆಯ ಎಡಮೂಲೆಯಲ್ಲಿ ಎಳ್ಳುಕಾಳಿನಷ್ಟು ಒಂದು ಚೌಕವಿದೆ. ಆ ಮಧ್ಯಾಹ್ನ ಅದರೊಳಗಿನ ಗುರುತನ್ನು ತೆಗೆದವನು ಅವರು ಎದ್ದುಹೋಗುವ ಮುಂಚೆ ಮತ್ತೆ ಹಾಕಲಿಲ್ಲ, ಅಷ್ಟೆ.